ಪಟ್ಟಣ ನೋಡುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಇವು ಬೇರೆ ಬೇರೆ ಕೆಲಸಗಳಲ್ಲ; ತಿಳಿದು ಸುತ್ತುವವನಿಗೆ ಮಾತ್ರ ದೇಶದರ್ಶನದ ಫಲ ದೊರೆಯುತ್ತದೆ. ಸೋಂದೆಯಲ್ಲಿ ವೃಂದಾವನಸ್ಥರಾಗಿರುವ ವಾದಿರಾಜರು ಹದಿನಾರನೆಯ ಶತಮಾನದಲ್ಲಿ ನಾಡೆಲ್ಲ ಸಂಚರಿಸಿ, ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನು 'ತೀರ್ಥಪ್ರಬಂಧ'ವೆಂಬ ಸಂಸ್ಕೃತ ಕೃತಿಯಲ್ಲಿ ವರ್ಣಿಸಿದರು. ಕಂಡುದನ್ನು ಮರೆಯದೆ ಉಳಿಸಿಕೊಳ್ಳುವ ಯಾತ್ರೆಗೆ ಅದೊಂದು ಮಾದರಿ.

ಅದೇ ಸೋಂದೆಯಿಂದ ಇಂದು ಒಂದು ಕುಟುಂಬವು ಬೆಂಗಳೂರನ್ನು ನೋಡಲು ಹೊರಡುತ್ತದೆಂದು ಭಾವಿಸೋಣ. ಅಡಕೆಯ ಕೊಯ್ಲು ಮುಗಿದಿದೆ. ಮಕ್ಕಳಿಗೆ ಬೇಸಗೆಯ ರಜೆ. ಶಿರಸಿಗೆ ಬಂದು ಬಸ್ಸು ಹಿಡಿದರೆ ರಾಜಧಾನಿಗೆ ಸುಮಾರು 400 ಕಿಲೋಮೀಟರು. ಅಲ್ಲಿ ನೋಡತಕ್ಕವು ಅನೇಕ. ಕೈಯಲ್ಲಿರುವ ದಿನಗಳೋ ಎರಡು ಮೂರು. ಎಲ್ಲವನ್ನೂ ನೋಡುವ ಆತುರದಲ್ಲಿ ಯಾವುದನ್ನೂ ಸರಿಯಾಗಿ ನೋಡದೆ ಮರಳುವವರೇ ಹೆಚ್ಚು.

ಲಾಲ್‌ಬಾಗನ್ನೇ ತೆಗೆದುಕೊಳ್ಳಿ. 1889ರಲ್ಲಿ ಕಟ್ಟಲು ತೊಡಗಿದ ಗಾಜಿನ ಮನೆಯ ಸೊಬಗು ಕಣ್ಣಿಗೆ ಬೇಗ ಬೀಳುತ್ತದೆ. ಆದರೆ ತೋಟದ ಬಂಡೆಯನ್ನು ಏರಿದವರು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಶಿಲೆಯ ಮೇಲೆ ನಿಂತಿರುತ್ತಾರೆ. ಅದರ ನೆತ್ತಿಯಲ್ಲಿ ಕೆಂಪೇಗೌಡರ ಹೆಸರಿನ ಗೋಪುರವಿದೆ. 1760ರಲ್ಲಿ ಈ ತೋಟವನ್ನು ಆರಂಭಿಸಿದವನು ಹೈದರಾಲಿ. ಈ ಹೆಸರನ್ನು ಕೇಳಿದಾಗ ಸೋಂದೆಯ ಮಕ್ಕಳು ಒಂದು ಕ್ಷಣ ನಿಲ್ಲಬೇಕು. ಮುಂದೆ ಮೂರು ನಾಲ್ಕು ವರ್ಷಗಳಲ್ಲಿಯೇ ಅವನ ಸೈನ್ಯವು ಸೋಂದೆಯನ್ನು ಗೆದ್ದುಕೊಂಡಿತು. ಅರಸ ಇಮ್ಮಡಿ ಸದಾಶಿವನು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದನು. ದೂರದ ತೋಟದ ಕಥೆಯಲ್ಲಿ ತಮ್ಮೂರಿನ ಕಥೆಯೂ ಸೇರಿದೆಯೆಂಬುದು ಆಗ ಆ ಮಕ್ಕಳಿಗೆ ಹೊಳೆಯುತ್ತದೆ.

ಹೌದು, ಸೋಂದೆಯೂ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ವಿಜಯನಗರದ ಸಾಮಂತರಾಗಿದ್ದ ನಾಯಕರು ಇಲ್ಲಿಂದ ಆಳಿದರು. ಜೈನ ಮಠ, ವಾದಿರಾಜ ಮಠ, ಸ್ವರ್ಣವಲ್ಲೀ ಮಠ ಈ ನೆಲದಲ್ಲಿಯೇ ನೆಲೆಗೊಂಡಿವೆ. ಕೋಟೆಯ ಅವಶೇಷಗಳು ಇಂದಿಗೂ ಉಳಿದಿವೆ. ಸಮೀಪದ ಶಾಲ್ಮಲೆಯ ಪಾತ್ರದಲ್ಲಿ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳಿವೆ. ಅವುಗಳನ್ನು ನೋಡಲು ಪರಊರಿನವರು ಬರುತ್ತಾರೆ. ಊರಿನವರಾದರೋ ನಿತ್ಯವೂ ಕಾಣುವುದರಿಂದಲೇ ನೋಡುವುದನ್ನು ಮರೆತಿರುತ್ತಾರೆ.

ಪಟ್ಟಣದಿಂದ ಮರಳಿದ ಮಕ್ಕಳು ಶಾಲೆಯ ಗೆಳೆಯರಿಗೆ ವಿಧಾನಸೌಧದ ಎತ್ತರವನ್ನು ಹೇಳಲಿ, ತಪ್ಪಿಲ್ಲ. ಆದರೆ ಪಟ್ಟಣದಲ್ಲಿ ಕಲಿತ ನೋಟದಿಂದ ಒಮ್ಮೆ ತಮ್ಮೂರಿನ ಕೋಟೆಯ ಕಲ್ಲನ್ನೂ ನೋಡಬೇಕು. ಅದನ್ನು ಇಟ್ಟವರಾರು, ಕೆಡವಿದವರಾರು ಎಂದು ಹಿರಿಯರನ್ನು ಕೇಳಬೇಕು. ಯಾರೂ ವಿಚಾರಿಸದ ಕಲ್ಲು ಒಂದು ದಿನ ಯಾರದೋ ಮನೆಯ ಅಡಿಪಾಯಕ್ಕೆ ಹೋಗುತ್ತದೆ. ಹೋದ ಮೇಲೆ ಅದರ ಕಥೆಯನ್ನು ಹೇಳುವವರೂ ಉಳಿಯುವುದಿಲ್ಲ.