ತ್ರಿಕೋಣ ಸುತ್ತುವ ವಿದ್ಯೆ

ಮೇಖ್ರಿ ಸರ್ಕಲ್ ಪಕ್ಕದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1956ರಲ್ಲಿ ಎಸ್. ಪಂಚರತ್ನಂ ಒಂದು ವಿಚಿತ್ರವನ್ನು ಲೆಕ್ಕಹಾಕಿ ತೋರಿಸಿದರು. ಬೆಳಕಿನ ಮೂರು ಕಿರಣಗಳಿವೆ. ಮೊದಲನೆಯದರ ಏರಿಳಿತ ಎರಡನೆಯದಕ್ಕೆ ಹೊಂದುತ್ತದೆ, ಎರಡನೆಯದು ಮೂರನೆಯದಕ್ಕೆ. ಹಾಗಾದರೆ ಮೂರನೆಯದು ಮೊದಲನೆಯದಕ್ಕೂ ಹೊಂದಲೇಬೇಕಲ್ಲ? ಬೇಕಿಲ್ಲ. ಮೂರರ ಧ್ರುವೀಕರಣ ಬೇರೆ ಬೇರೆಯಾಗಿದ್ದರೆ, ಸುತ್ತು ಮುಗಿಸುವ ಹೊತ್ತಿಗೆ ಒಂದಿಷ್ಟು ಫೇಸ್ ಉಳಿದುಬಿಡುತ್ತದೆ. ಆಗ ಅವರಿಗೆ 22 ವರ್ಷ. ಅಭ್ಯಾಸ ಮಾಡುತ್ತಿದ್ದದ್ದು ಹರಳುಗಳನ್ನು, ನಕ್ಷತ್ರಗಳನ್ನಲ್ಲ.

ಆದರೂ ನಕ್ಷತ್ರದ ಬೆಳಕಿನ ವ್ಯತಿಕರಣಮಾಪನಕ್ಕೆ ಹೊಸದಾಗಿ ಬರುವವರಿಗೆ ಮೊದಲು ಕಲಿಸಬೇಕಾದದ್ದು ಹೀಗೆ ಸುತ್ತುಹಾಕಿ ನೋಡುವುದನ್ನೇ. ಫೋರಿಯರ್ ಸಮೀಕರಣ ಆಮೇಲೆ ಬರಲಿ.

ಒಂದೇ ನಕ್ಷತ್ರದ ಬೆಳಕನ್ನು ಎರಡು ಕನ್ನಡಿಗಳಲ್ಲಿ ಹಿಡಿದು ಕೂಡಿಸಿದರೆ ಬೆಳಕು-ಕತ್ತಲೆಯ ಪಟ್ಟೆಗಳು ಮೂಡುತ್ತವೆ. ನಕ್ಷತ್ರ ಬರೀ ಚುಕ್ಕೆಯಾಗಿದ್ದರೆ ಪಟ್ಟೆ ಮಾಸದು. ಬಿಲ್ಲೆಯಾಗಿದ್ದರೆ ಅದರ ಒಂದೊಂದು ಬಿಂದುವೂ ತನ್ನ ಪಟ್ಟೆಯನ್ನು ತುಸು ಸರಿಸಿ ಮೂಡಿಸುತ್ತದೆ. ಕನ್ನಡಿಗಳ ಅಂತರ ಹೆಚ್ಚಿದಂತೆ ಒಂದರ ಬೆಳಕು ಇನ್ನೊಂದರ ಕತ್ತಲೆಯನ್ನು ತುಂಬಿ ಎಲ್ಲ ಮಸುಕಾಗುತ್ತದೆ. 1920ರ ಡಿಸೆಂಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ, ಮೈಕೆಲ್ಸನ್ ಯೋಜಿಸಿದ ಉಪಕರಣದಿಂದ ನೋಡುತ್ತಿದ್ದಾಗ, ಅಂತರ ಸುಮಾರು 3 ಮೀಟರ್ ಆಗುತ್ತಲೇ ಆರ್ದ್ರಾ ನಕ್ಷತ್ರದ ಪಟ್ಟೆಗಳು ಅಳಿದುಹೋದವು. ಅದರಿಂದ ವ್ಯಾಸ ಸಿಕ್ಕಿತು: 0.047 ಆರ್ಕ್‌ಸೆಕೆಂಡ್. ಕಾಣದಾದದ್ದರಿಂದಲೇ ಅಳತೆ! ಈ ಜಾಣತನ ನನಗೆ ಇನ್ನೂ ಹಳತಾಗಿಲ್ಲ.

ವ್ಯಾಸವೇನೋ ಸಿಕ್ಕಿತು, ಚಿತ್ರ ಸಿಗಲಿಲ್ಲ. ಚಿತ್ರಕ್ಕೆ ಪಟ್ಟೆ ಎಲ್ಲಿ ಬಿದ್ದಿದೆ ಎಂಬುದೂ ಗೊತ್ತಾಗಬೇಕು, ಅದೇ ಫೇಸ್. ತಲೆಯ ಮೇಲಿನ ಗಾಳಿ ಅದನ್ನು ಕಣ್ಣೆವೆ ಇಕ್ಕುವುದರೊಳಗೆ ಕಲಕಿಬಿಡುತ್ತದೆ.

ಮೂರನೆಯ ದೂರದರ್ಶಕ ಬೇಕಾಗುವುದು ಇಲ್ಲಿ. ಅ, ಆ, ಇ ಎನ್ನೋಣ. ಅ ಮೇಲಿನ ಗಾಳಿಯ ದೋಷ ಅ-ಆ ಜೋಡಿಯಲ್ಲಿ ಕೂಡಿದರೆ ಇ-ಅ ಜೋಡಿಯಲ್ಲಿ ಕಳೆಯುತ್ತದೆ. ಉಳಿದೆರಡರದೂ ಹಾಗೆಯೇ. ಮೂರು ಜೋಡಿಗಳ ಫೇಸ್‌ಗಳನ್ನು ಸುತ್ತಿನ ಕ್ರಮದಲ್ಲಿ ಕೂಡಿಸಿ: ಗಾಳಿಯ ಪಾಲು ಸೊನ್ನೆ, ಉಳಿದದ್ದು ನಕ್ಷತ್ರದ್ದು. ಕ್ಲೋಷರ್ ಫೇಸ್ ಎನ್ನುವ ಈ ಉಪಾಯವನ್ನು ರೇಡಿಯೋ ಖಗೋಳಜ್ಞ ಜೆನಿಸನ್ 1958ರಲ್ಲಿ ಪ್ರಕಟಿಸಿದರು. ಪಂಚರತ್ನಂ ಕಂಡ ಫೇಸ್‌ನ ಕಾರಣವೇ ಬೇರೆ, ಎರಡನ್ನೂ ಒಂದೆನ್ನಬಾರದು; ಆದರೆ ಕಾಗದದ ಮೇಲೆ ಪೆನ್ಸಿಲ್ ಓಡುವ ದಾರಿ ಒಂದೇ.

ನಷ್ಟವೂ ಇದೆ. ಮೂರು ದೂರದರ್ಶಕಗಳಿದ್ದರೆ 3 ಫೇಸ್‌ಗಳಲ್ಲಿ 1ರಷ್ಟು ಮಾಹಿತಿ ಮಾತ್ರ ದಕ್ಕುತ್ತದೆ. ಆರಿದ್ದರೆ 15ರಲ್ಲಿ 10. ಮೌಂಟ್ ವಿಲ್ಸನ್ ಮೇಲಿನ ಚಾರಾ ವ್ಯವಸ್ಥೆಯಲ್ಲಿ ಈಗ ಆರಿವೆ. 2007ರಲ್ಲಿ ಅವುಗಳಲ್ಲಿ ನಾಲ್ಕನ್ನು ಜೋಡಿಸಿ ಶ್ರವಣ ನಕ್ಷತ್ರದ ಚಿತ್ರ ತೆಗೆದರು: ಗರಗರ ತಿರುಗುವ ರಭಸಕ್ಕೆ ನಡು ಉಬ್ಬಿದೆ, ಅಲ್ಲಿ ಬೆಳಕು ಮಂಕಾಗಿದೆ.