ಗಣಕ ಆಟಗಳ ಅವತಾರಚಿತ್ರ: ಕೈಗೆರೆ ಮತ್ತು ಗಣಕವರ್ಣಗಳ ಸಮನ್ವಯ

ಗಣಕ ಆಟಗಳಲ್ಲಿ ಆಟಗಾರನನ್ನು ಪ್ರತಿನಿಧಿಸುವ ರೂಪವನ್ನು ‘ಅವತಾರ್’ ಎನ್ನುವುದು ರೂಢಿ. ಸಂಸ್ಕೃತದ ‘ಅವತಾರ’ ಶಬ್ದವೇ ಇಂಗ್ಲಿಷಿನ ಹಾದಿಯಲ್ಲಿ ಸುತ್ತಿ ನಮ್ಮಲ್ಲಿಗೆ ಮರಳಿದೆ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಅವರ ‘ಅಲ್ಟಿಮಾ 4’ ಆಟದ ಉಪಶೀರ್ಷಿಕೆಯಲ್ಲಿ ಈ ಪದವಿತ್ತು. 1986ರಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ‘ಹ್ಯಾಬಿಟ್ಯಾಟ್’ ಆಟದಲ್ಲಿ ಪರದೆಯ ಮೇಲಿನ ಆಟಗಾರನ ರೂಪಕ್ಕೇ ಈ ಹೆಸರು ಸಂದಿತು.

ಹಲವು ಆಟಗಳು ಸಿದ್ಧ ಮುಖ, ಕೇಶ, ಉಡುಪುಗಳನ್ನು ಜೋಡಿಸಿಕೊಳ್ಳಲು ಅವಕಾಶ ನೀಡುತ್ತವೆ. ಆಯ್ಕೆ ಎಷ್ಟೇ ವಿಪುಲವಾಗಿದ್ದರೂ ಗೆರೆ ಮಾತ್ರ ಅನ್ಯರದು. ಕಾಗದದ ಮೇಲೆ ಕೈಯಿಂದ ಬರೆದು ಗಣಕದಲ್ಲಿ ಬಣ್ಣ ತುಂಬುವ ವಿಧಾನದ ಮಹತ್ತ್ವವಿರುವುದು ಇಲ್ಲಿಯೇ. ಪ್ರಸ್ತುತ ಲೇಖನದಲ್ಲಿ ಈ ವಿಧಾನದ ಹಂತಗಳನ್ನೂ ಅದರ ಮುಖ್ಯ ಸಮಸ್ಯೆಯನ್ನೂ ವಿವೇಚಿಸಲಾಗಿದೆ.

ಮೊದಲು ಪೆನ್ಸಿಲಿನಿಂದ ಆಕೃತಿಯನ್ನು ರಚಿಸಿ, ಅದರ ಮೇಲೆ ಕಪ್ಪು ಶಾಯಿಯ ಗೆರೆಯನ್ನು ಎಳೆದು, ಒಣಗಿದ ಅನಂತರ ಪೆನ್ಸಿಲ್ ಗುರುತುಗಳನ್ನು ಅಳಿಸಬೇಕು. ಬಳಿಕ ಅಂಗುಲಕ್ಕೆ 300ರಿಂದ 600 ಬಿಂದುಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ, ಕಾಗದದ ಮಾಸಲನ್ನು ಪೂರ್ಣ ಬಿಳುಪಿಗೂ ಶಾಯಿಯನ್ನು ಪೂರ್ಣ ಕಪ್ಪಿಗೂ ಹೊಂದಿಸಬೇಕು. ಗೆರೆಯಲ್ಲಿ ಬಿರುಕು ಉಳಿದರೆ ಮುಂದೆ ತುಂಬುವ ಬಣ್ಣವು ಹೊರಕ್ಕೆ ಸೋರುತ್ತದೆ. ಆದ್ದರಿಂದ ಬಿರುಕುಗಳನ್ನು ಈ ಹಂತದಲ್ಲಿಯೇ ಮುಚ್ಚುವುದು ಲೇಸು.

ಗೆರೆಚಿತ್ರವನ್ನು ಮೇಲಿನ ಪದರದಲ್ಲಿರಿಸಿ ಅದಕ್ಕೆ ‘ಮಲ್ಟಿಪ್ಲೈ’ ಎಂಬ ಗುಣಾಕಾರ ಕ್ರಮವನ್ನು ಅನ್ವಯಿಸಲಾಗುತ್ತದೆ. ಇದರಲ್ಲಿ ಬಿಳುಪಿನ ಮೌಲ್ಯ 1, ಕಪ್ಪಿನ ಮೌಲ್ಯ 0. ಕೆಳಪದರದ ಬಣ್ಣವನ್ನು 1ರಿಂದ ಗುಣಿಸಿದಾಗ ಅದು ಬದಲಾಗದು. 0ಯಿಂದ ಗುಣಿಸಿದಾಗ ಕಪ್ಪೇ ಉಳಿಯುವುದು. ಹೀಗೆ ಕಾಗದವು ಪಾರದರ್ಶಕವಾದಂತೆ ತೋರಿ ಗೆರೆ ಅಕ್ಷತವಾಗಿರುತ್ತದೆ. ಕೆಳಗಿನ ಪದರಗಳಲ್ಲಿ ಸಮತಲ ಬಣ್ಣ, ನೆರಳು, ಬೆಳಕುಗಳನ್ನು ಕ್ರಮವಾಗಿ ಸೇರಿಸಿ, ಹಿನ್ನೆಲೆಯನ್ನು ಪಾರದರ್ಶಕವಾಗಿಸಿ ಪಿಎನ್‌ಜಿ ರೂಪದಲ್ಲಿ ಉಳಿಸಬಹುದು.

ಮುಖ್ಯ ಸಮಸ್ಯೆ ಗಾತ್ರದ್ದು. ‘ಸ್ಟೀಮ್’ ಆಟತಾಣವು ಒಂದೇ ಚಿತ್ರವನ್ನು 184, 64 ಹಾಗೂ 32 ಬಿಂದುಗಳ ಚೌಕಗಳಲ್ಲಿ ತೋರಿಸುತ್ತದೆ. 1,024 ಬಿಂದುಗಳ ಚೌಕಚಿತ್ರವನ್ನು 32ಕ್ಕೆ ಇಳಿಸಿದಾಗ 8 ಬಿಂದು ದಪ್ಪದ ಗೆರೆ ಕಾಲು ಬಿಂದುವಾಗಿ ನೆರೆಯ ಬಣ್ಣದಲ್ಲಿ ಕರಗುತ್ತದೆ. ದೊಡ್ಡ ಗಾತ್ರದಲ್ಲಿ ರೂಪದ ವ್ಯಕ್ತಿತ್ವವನ್ನು ಗೆರೆ ಹೊರುತ್ತದೆ. ಕಿರುಗಾತ್ರದಲ್ಲಿ ಗುರುತನ್ನು ಕಾಯುವುದು ವರ್ಣವೈದೃಶ್ಯ. ಆದಕಾರಣ ಹೊರಗೆರೆಯ ದಪ್ಪವನ್ನೂ ಎರಡು ಮೂರು ಪ್ರಧಾನ ವರ್ಣಗಳನ್ನೂ ಪೆನ್ಸಿಲಿನ ಹಂತದಲ್ಲಿಯೇ ನಿಶ್ಚಯಿಸಬೇಕು.

ಆಟಕ್ಕಾಗಿ ಕಿರಿದಾದ ಅವತಾರಚಿತ್ರವನ್ನು ಬರೆಯುವುದು ನಮ್ಮ ನಾಡಿಗೆ ಅಪರಿಚಿತವಲ್ಲ. ದಶಾವತಾರ ಗಂಜೀಫದಲ್ಲಿ 10 ವರ್ಗಗಳಿಗೆ ತಲಾ 12ರಂತೆ 120 ಎಲೆಗಳಿವೆ. ಮೀನು, ಆಮೆ, ಕೊಡಲಿ ಮೊದಲಾದ ಚಿಹ್ನೆಗಳು ಅಂಗೈಯಗಲದ ಎಲೆಯಲ್ಲಿಯೂ ಅವತಾರವನ್ನು ತಟ್ಟನೆ ಗುರುತಿಸಲು ನೆರವಾಗುತ್ತವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇಂತಹ ಎಲೆಯಾಟಗಳ ವಿವರಣೆಯಿದೆ. ಗಣಕದ ಅವತಾರಚಿತ್ರವು ಗಂಜೀಫದಿಂದ ಹುಟ್ಟಿದುದಲ್ಲ. ಆದರೆ ಕಿರುಗಾತ್ರದಲ್ಲಿ ಸ್ಪಷ್ಟತೆಯನ್ನು ಸಾಧಿಸುವ ಪ್ರಶ್ನೆ ಉಭಯತ್ರ ಸಮಾನ.

ಸಂಗ್ರಹಾಲಯಗಳ ದೃಷ್ಟಿಯಿಂದ ಮತ್ತೊಂದು ಅಂಶ ಗಮನಾರ್ಹ. ಪಿಎನ್‌ಜಿ ಕಡತದಲ್ಲಿ ಪದರಗಳೆಲ್ಲ ಒಂದಾಗಿ ಬೆಸೆದು, ಯಾವ ಗೆರೆ ಮೊದಲು, ಯಾವ ಬಣ್ಣ ಅನಂತರ ಎಂಬುದು ಅಳಿದುಹೋಗುತ್ತದೆ. ಮೂಲ ಕಾಗದವನ್ನೂ ಪದರಸಹಿತ ಕಡತವನ್ನೂ ಕೂಡಿಯೇ ಕಾಪಾಡಿದರೆ ಮಾತ್ರ ಕೈಯ ಕೆಲಸವು ಮುಂದಿನ ಸಂಶೋಧಕನಿಗೆ ದೊರೆಯುವುದು.