ಗೀಸರ್ ಟ್ಯಾಂಕನ್ನು ಕಾಯುವ ಆನೋಡ್ ರಾಡ್

ಕಂಪನಿ ಬದಲಾಯಿಸಿದರೂ ನಾಲ್ಕೈದು ವರ್ಷಕ್ಕೇ ಗೀಸರ್ ಸೋರುತ್ತದಲ್ಲ, ಯಾಕೆ? ನಾಗಮಂಗಲ, ಕೆ.ಆರ್.ಪೇಟೆ ಕಡೆ ಬೋರ್‌ವೆಲ್ ನೀರು ಕಾಯಿಸುವ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಉತ್ತರಕ್ಕೆ ಕಂಪನಿಯ ಹೆಸರಿಗಿಂತ ಮೊದಲು ಟ್ಯಾಂಕಿನೊಳಗಿನ ಒಂದು ರಾಡನ್ನು ನೋಡಬೇಕು.

ಅದಕ್ಕೂ ಮುಂಚೆ ಸೋರುವ ಜಾಗ ಗೊತ್ತಾಗಬೇಕು. ಎಂಸಿಬಿ ಆಫ್ ಮಾಡಿ, ಗೀಸರನ್ನು ಒಣಬಟ್ಟೆಯಿಂದ ಒರೆಸಿ, ಹನಿ ಎಲ್ಲಿ ಮೂಡುತ್ತದೆ ಗಮನಿಸಿ. ಪೈಪು ಸೇರುವ ಕಡೆಯಾದರೆ ವಾಷರ್ ಬದಲಿಸಿದರೆ ಸಾಕು. ಕಾಯಿಲ್ ಕೂರಿಸಿದ ಜಾಗವಾದರೆ ಗ್ಯಾಸ್ಕೆಟ್ ಹೋಗಿದೆ. ನೀರು ಕಾಯುವಾಗ ಮಾತ್ರ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. 25 ಡಿಗ್ರಿಯ 15 ಲೀಟರ್ ನೀರು 60 ಡಿಗ್ರಿಗೆ ಏರಿದಾಗ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಅಷ್ಟು ನೀರು ಆ ವಾಲ್ವಿನಿಂದಲೇ ಹೊರಬರಬೇಕು. ಅದರ ಬಾಯಿಯನ್ನು ಎಂದೂ ಮುಚ್ಚಬೇಡಿ. ಆದರೆ ಹೊರಕವಚದ ಅಡಿಯಿಂದ ತುಕ್ಕಿನ ಬಣ್ಣದ ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತಾಗಿರುತ್ತದೆ. ಮೇಲೆ ಮೆತ್ತುವ ಯಾವ ಅಂಟೂ ಅಲ್ಲಿ ನಿಲ್ಲದು.

ಬಹಳಷ್ಟು ಟ್ಯಾಂಕುಗಳು ಗಾಜಿನ ಲೇಪ ಕೊಟ್ಟ ಉಕ್ಕಿನವು. ಲೇಪದಲ್ಲಿ ಕೂದಲೆಳೆಯ ಬಿರುಕಿದ್ದರೂ ಬಿಸಿನೀರು ಉಕ್ಕನ್ನು ತಿನ್ನತೊಡಗುತ್ತದೆ. ಅದನ್ನು ತಡೆಯಲು ಒಳಗೊಂದು ಮೆಗ್ನೀಸಿಯಂ ರಾಡ್ ಇಟ್ಟಿರುತ್ತಾರೆ. ಇದೇ ಆನೋಡ್ ರಾಡ್. ಟೊಮೆಟೊ ಬೆಳೆಯುವ ರೈತರು ನಡುನಡುವೆ ಚೆಂಡು ಹೂವಿನ ಸಾಲು ಹಾಕುತ್ತಾರಲ್ಲ, ಹಾಗೆ. ಕಾಯಿಕೊರಕದ ಪತಂಗ ಚೆಂಡು ಹೂವಿಗೆ ಮನಸೋತು ಅಲ್ಲೇ ಮೊಟ್ಟೆಯಿಡುತ್ತದೆ, ಟೊಮೆಟೊ ಉಳಿಯುತ್ತದೆ. ಹೂವಿನ ಸಾಲು ಒಣಗಿದರೆ ಹುಳು ಟೊಮೆಟೊಗೇ ಬರುತ್ತದೆ. ಕಬ್ಬಿಣಕ್ಕಿಂತ ಮೆಗ್ನೀಸಿಯಂ ಬಹಳ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ ಮೊದಲು ಕರಗುವುದು ರಾಡ್. ರಾಡ್ ಮುಗಿದ ಮೇಲೆ ಸರದಿ ಟ್ಯಾಂಕಿನದು.

ಈ ಉಪಾಯ ಹೊಳೆದದ್ದು ಇಂಗ್ಲೆಂಡಿನ ಹಂಫ್ರಿ ಡೇವಿಗೆ. ಮರದ ಯುದ್ಧನೌಕೆಗಳ ತಳಕ್ಕೆ ಹೊಡೆಯುತ್ತಿದ್ದ ತಾಮ್ರದ ತಗಡು ಸಮುದ್ರದ ಉಪ್ಪುನೀರಿಗೆ ಸವೆಯುತ್ತಿತ್ತು. ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ಚಿಕ್ಕ ತುಂಡು ಜೋಡಿಸಿದರೆ ಆ ತುಂಡು ಕರಗಿ ತಾಮ್ರ ಉಳಿಯುತ್ತದೆಂದು ಡೇವಿ 1824ರಲ್ಲಿ ತೋರಿಸಿದ. ಪ್ರಯೋಗಗಳಲ್ಲಿ ನೆರವಾದವನು ಮೈಕೆಲ್ ಫ್ಯಾರಡೆ. ಈ ರಕ್ಷಣೆ ತೊಡಿಸಿದ ಹಡಗುಗಳಲ್ಲಿ ಒಂದಾದ 'ಸಮರಾಂಗ್' ನಮ್ಮ ಕೊಚ್ಚಿಯಲ್ಲೇ 1822ರಲ್ಲಿ ನೀರಿಗಿಳಿದಿತ್ತು. ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರದ ವಿಷವೇ ಚಿಪ್ಪುಜೀವಿಗಳನ್ನು ದೂರ ಇಟ್ಟಿತ್ತು. ಕರಗುವುದು ನಿಂತೊಡನೆ ಅವು ತಳಕ್ಕೆ ಅಂಟಿ ಹಡಗಿನ ವೇಗ ಕುಗ್ಗಿತು. ನೌಕಾಪಡೆ ಯೋಜನೆಯನ್ನೇ ಕೈಬಿಟ್ಟಿತು. ಅದೇ ತತ್ವ ಇಂದು ಉಕ್ಕಿನ ಹಡಗುಗಳನ್ನೂ ನೆಲದಡಿಯ ಪೈಪುಗಳನ್ನೂ ನಮ್ಮ ಗೀಸರನ್ನೂ ಕಾಯುತ್ತಿದೆ.

ನೀರು ಬದಲಾದರೆ ರಾಡಿನ ಆಯಸ್ಸೂ ಬದಲಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ನಲ್ಲಿಗೆ ಬರುವ ಕಾವೇರಿ ನೀರಿಗಿಂತ, ಬಂಡೆಯ ಬಿರುಕುಗಳಲ್ಲಿ ನಿಂತು ಲವಣ ಕರಗಿಸಿಕೊಂಡ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಪಾಂಡವಪುರದಲ್ಲೂ ನಾಲೆಯ ನೀರಿಗೂ ಬೋರ್‌ವೆಲ್ ನೀರಿಗೂ ಇದೇ ವ್ಯತ್ಯಾಸ. ಲವಣ ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ರಾಡ್ ಬೇಗ ಸವೆಯುತ್ತದೆ. ಕಾದಾಗ ನೀರಿನ ಬೈಕಾರ್ಬೊನೇಟ್ ಒಡೆದು ಸುಣ್ಣವಾಗಿ ಕಾಯಿಲ್ ಮೇಲೆ ಕಟ್ಟಿಕೊಳ್ಳುತ್ತದೆ. ಶಾಖ ನೀರಿಗೆ ದಾಟದೆ ಕಾಯಿಲೇ ಸುಟ್ಟುಹೋಗುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟದಿರಲಿ ಎನ್ನುತ್ತದೆ ಭಾರತೀಯ ಮಾನಕ. ನಿಮ್ಮ ಬೋರ್‌ವೆಲ್ ನೀರಿನದು ಎಷ್ಟೆಂದು ಒಮ್ಮೆ ಪರೀಕ್ಷೆ ಮಾಡಿಸಿ. ಪೈಪಿಗೆ ಸಿಕ್ಕಿಸಿದರೆ ಸುಣ್ಣವೇ ಕಟ್ಟದು ಎಂದು ಮಾರುವ ಆಯಸ್ಕಾಂತಗಳನ್ನು ಮಾತ್ರ ನಂಬಬೇಡಿ. ಅವು ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದಿಲ್ಲ.

ಗೀಸರ್ ಸರ್ವಿಸಿಗೆ ಬಂದವರು ಹೊರಗಿನಿಂದ ನೋಡಿ ಹೋಗದಂತೆ ನೋಡಿಕೊಳ್ಳಿ. ಬೋರ್‌ವೆಲ್ ನೀರಿನ ಮನೆಯಾದರೆ ವರ್ಷಕ್ಕೊಮ್ಮೆ ರಾಡ್ ಬಿಚ್ಚಿ ತೋರಿಸಲು ಹೇಳಿ. ನಡುವಿನ ಉಕ್ಕಿನ ತಂತಿ ಕಾಣುತ್ತಿದ್ದರೆ ಆಗಲೇ ಹೊಸದು ಹಾಕಿಸಿ. ರಾಡಿನ ಬೆಲೆ ಹೊಸ ಗೀಸರಿನ ಬೆಲೆಗಿಂತ ಬಹಳ ಕಡಿಮೆ.